ಗೋವಾದಲ್ಲಿ ಇಳಿದು ಗೋಕರ್ಣದ ಕಡಲತಡಿ ತಲುಪುವ ಬಗೆ

ಗೋಕರ್ಣದಲ್ಲಿ ವಿಮಾನ ನಿಲ್ದಾಣವಿಲ್ಲ. ಮುಂಬೈ, ದೆಹಲಿ, ಹೈದರಾಬಾದುಗಳಿಂದ ಎರಡು ರಾತ್ರಿಯ ಬಿಡುವು ಮಾಡಿಕೊಂಡು ಓಂ ಬೀಚಿನ ಅಥವಾ ಕುಡ್ಲೆ ಬೀಚಿನ ರೆಸಾರ್ಟಿಗೆ ಹೊರಡುವವರು ಸಾಮಾನ್ಯವಾಗಿ ಗೋವಾದಲ್ಲಿ ಇಳಿದು ರಾಷ್ಟ್ರೀಯ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಬರುತ್ತಾರೆ. ದಾರಿ ಚೆಂದದ್ದೇ. ಆದರೆ ಇಷ್ಟು ಚಿಕ್ಕ ಪ್ರವಾಸದಲ್ಲಿ ಹೋಗಿ ಬರುವುದಕ್ಕೇ ಒಂದು ಹಗಲು ಪೂರ್ತಿ ಕಳೆದುಹೋದರೆ ಕಡಲಿನ ಎದುರು ಕೂರಲು ಉಳಿಯುವ ಹೊತ್ತು ತೀರ ಕಡಿಮೆ. ಆ ಹೊತ್ತನ್ನು ಉಳಿಸುವ ತೀರ್ಮಾನಗಳಲ್ಲಿ ಹೆಚ್ಚಿನವನ್ನು ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಮಾಡಬೇಕಾಗುತ್ತದೆ.

ಬೆಂಗಳೂರಿನವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪ್ರವಾಸಕ್ಕೆ ನಿಮಗೆ ವಿಮಾನ ಬೇಕಾಗಿಲ್ಲ. ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಸುತ್ತದೆ, ರಾತ್ರಿ ಬಸ್ಸುಗಳೂ ಇವೆ. ಕೆಂಪೇಗೌಡ ನಿಲ್ದಾಣಕ್ಕೆ ಹೋಗಿ, ಕಾದು, ಹಾರಿ, ಮತ್ತೆ ಮೂರೂವರೆ ಗಂಟೆ ಕಾರಿನಲ್ಲಿ ಕೂರುವುದಕ್ಕಿಂತ ನಿದ್ದೆಯಲ್ಲೇ ದಾರಿ ಸವೆಸುವುದು ಮೇಲು.

ದಾಬೋಲಿಂ ಅಥವಾ ಮೋಪಾ?

ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ಹಳೆಯದು ವಾಸ್ಕೋ ಪಕ್ಕದ ದಾಬೋಲಿಂ. ಹೊಸದು ರಾಜ್ಯದ ಉತ್ತರ ತುದಿಯ ಪೆರ್ನೆಂ ತಾಲ್ಲೂಕಿನ ಮೋಪಾ. ಅಲ್ಲಿ 2023ರ ಜನವರಿಯಿಂದ ವಿಮಾನಗಳು ಇಳಿಯುತ್ತಿವೆ. ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಎರಡರ ಮುಂದೆಯೂ ‘ಗೋವಾ’ ಎಂದೇ ಇರುವುದರಿಂದ ಹಲವರು ವ್ಯತ್ಯಾಸ ಗಮನಿಸದೆ ಅಗ್ಗದ ಟಿಕೆಟ್ ಕೊಂಡುಬಿಡುತ್ತಾರೆ. ಊರಿನ ಹೆಸರಿನ ಪಕ್ಕದ ಮೂರಕ್ಷರದ ಸಂಕೇತವನ್ನು ನೋಡಿ: ಜಿಒಐ ಎಂದಿದ್ದರೆ ದಾಬೋಲಿಂ, ಜಿಒಎಕ್ಸ್ ಎಂದಿದ್ದರೆ ಮೋಪಾ.

ಗೋಕರ್ಣಕ್ಕೆ ಹೋಗುವವರಿಗೆ ಈ ಎರಡರ ನಡುವಿನ ಅಂತರವನ್ನು ನದಿಗಳ ಲೆಕ್ಕದಲ್ಲಿ ನೋಡಿದರೆ ಬೇಗ ತಿಳಿಯುತ್ತದೆ. ಮೋಪಾದಿಂದ ಹೊರಟವರು ಶಾಪೋರಾ, ಮಾಂಡವಿ, ಜುವಾರಿ ಈ ಮೂರು ನದಿಗಳನ್ನು ದಾಟಿ, ನಡುವೆ ಮಾಪುಸಾ ಮತ್ತು ಪಣಜಿಯ ವಾಹನ ದಟ್ಟಣೆಯನ್ನೂ ಹಾಯ್ದು ಬರಬೇಕು. ದಾಬೋಲಿಂ ಇರುವುದು ಜುವಾರಿಯ ದಕ್ಷಿಣ ದಡದ ಕಡೆಗೆ, ಅಂದರೆ ಇಳಿದ ಕ್ಷಣವೇ ಆ ಮೂರೂ ನದಿಗಳು ನಿಮ್ಮ ಹಿಂದೆ ಬಿದ್ದಿರುತ್ತವೆ. ದಾಬೋಲಿಂನಿಂದ ಗೋಕರ್ಣಕ್ಕೆ ಸುಮಾರು 140 ಕಿಲೋಮೀಟರ್, ಮೋಪಾದಿಂದ ಸುಮಾರು 180. ಮೊದಲನೆಯದಕ್ಕೆ ಮೂರರಿಂದ ಮೂರೂವರೆ ಗಂಟೆ ಹಿಡಿದರೆ ಎರಡನೆಯದಕ್ಕೆ ನಾಲ್ಕರಿಂದ ನಾಲ್ಕೂವರೆ ಗಂಟೆ ಬೇಕು. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ, ಅದರ ಮೇಲೆ ಹೆಚ್ಚುವರಿ ಟ್ಯಾಕ್ಸಿ ಬಾಡಿಗೆ. ಇಷ್ಟನ್ನೂ ಕೂಡಿಸಿ ನೋಡಿದ ಮೇಲೂ ಮೋಪಾ ಟಿಕೆಟ್ ಲಾಭವೆನ್ನಿಸಿದರೆ ಮಾತ್ರ ಕೊಳ್ಳಿ.

ನಿಮ್ಮ ಊರಿನಿಂದ ಹುಬ್ಬಳ್ಳಿಗೆ ನೇರ ವಿಮಾನವಿದ್ದರೆ ಅದನ್ನೂ ಪರಿಗಣಿಸಬಹುದು. ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟದ ಮಾರ್ಗವಾಗಿ ಅಂಕೋಲಾಕ್ಕೆ ಇಳಿಯುವ ಹೆದ್ದಾರಿ ಗೋಕರ್ಣವನ್ನು ಸುಮಾರು 150 ಕಿಲೋಮೀಟರಿನಲ್ಲಿ ಮುಟ್ಟಿಸುತ್ತದೆ; ರಾಜ್ಯದ ಗಡಿ ದಾಟುವ ತಾಪತ್ರಯವೂ ಇರುವುದಿಲ್ಲ. ಮಂಗಳೂರು ನಿಲ್ದಾಣ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿರುವುದರಿಂದ ಎರಡು ರಾತ್ರಿಯ ಪ್ರವಾಸಕ್ಕೆ ಅದು ಹೊಂದುವುದಿಲ್ಲ.

ವಿಮಾನ ಇಳಿಯುವ ಹೊತ್ತೂ ಮುಖ್ಯ. ಮಧ್ಯಾಹ್ನ ಒಂದರೊಳಗೆ ದಾಬೋಲಿಂನಲ್ಲಿ ಇಳಿದರೆ ಚಳಿಗಾಲದಲ್ಲೂ ಬೆಳಕಿರುವಾಗಲೇ ರೆಸಾರ್ಟ್ ಸೇರಬಹುದು. ಸಂಜೆ ಏಳರ ನಂತರ ಇಳಿಯುವವರು ಆ ರಾತ್ರಿ ಮಡಗಾಂವ್‌ನಲ್ಲಿಯೋ ಕಾರವಾರದಲ್ಲಿಯೋ ತಂಗಿ, ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಬೆಳಕಿದ್ದಾಗಲೇ ತಲುಪಬೇಕೆನ್ನುವುದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಕಾರು, ರೈಲು, ಬಸ್ಸು

ಬೆಂಗಳೂರು, ಮುಂಬೈಗಳಲ್ಲಿ ಮಾಡುವಂತೆ ಹೊರಗೆ ಬಂದು ಓಲಾ, ಊಬರ್ ತೆರೆದು ಕೂರುವ ಯೋಚನೆಯನ್ನು ಗೋವಾದಲ್ಲಿ ಬಿಡಬೇಕು. ಅಲ್ಲಿ ಇರುವುದು ನಿಲ್ದಾಣದೊಳಗಿನ ಪ್ರಿಪೇಯ್ಡ್ ಟ್ಯಾಕ್ಸಿ ಕೌಂಟರ್ ಮತ್ತು ಗೋವಾ ಮೈಲ್ಸ್ ಎಂಬ ಆ್ಯಪ್. ಇವೆರಡೂ ಗೋವಾದ ಒಳಗಿನ ಓಡಾಟಕ್ಕೆ ಅನುಕೂಲ. ಗೋಕರ್ಣ ಬೇರೆ ರಾಜ್ಯದಲ್ಲಿರುವುದರಿಂದ ಬಾಡಿಗೆ ಕೇಳುವಾಗ ಮೂರು ವಿಷಯಗಳನ್ನು ಬಾಯಿಬಿಟ್ಟು ಕೇಳಿಕೊಳ್ಳಬೇಕು: ಚಾಲಕ ಖಾಲಿ ವಾಪಸು ಬರುವ ದೂರವೂ ಬಾಡಿಗೆಯಲ್ಲಿ ಸೇರಿದೆಯೇ, ಕರ್ನಾಟಕ ಪ್ರವೇಶದ ಪರ್ಮಿಟ್ ಮತ್ತು ತೆರಿಗೆಯನ್ನು ಯಾರು ಕಟ್ಟುತ್ತಾರೆ, ಅಂಕೋಲಾಕ್ಕೆ ಮೊದಲು ಸಿಗುವ ಹಟ್ಟಿಕೇರಿ ಟೋಲ್ ಯಾರ ಲೆಕ್ಕದ್ದು. ಇವನ್ನು ಮೊದಲೇ ಕೇಳದಿದ್ದರೆ ಗಡಿಯಲ್ಲಿ ಚರ್ಚೆ ಶುರುವಾಗುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ಉತ್ತಮವಾದ ದಾರಿಯೆಂದರೆ ರೆಸಾರ್ಟಿನವರಿಗೇ ಫೋನ್ ಮಾಡಿ, ಗೋಕರ್ಣ ಅಥವಾ ಕಾರವಾರ ಕಡೆಯ ಕಾರನ್ನು ಗೊತ್ತು ಮಾಡಿಕೊಳ್ಳುವುದು. ಕೆಎ 30 ನೋಂದಣಿಯ ಹಳದಿ ಫಲಕದ ಆ ಕಾರುಗಳು ಪ್ರವಾಸಿಗರನ್ನು ಗೋವಾಕ್ಕೆ ಬಿಟ್ಟು ಬರುವ ಕೆಲಸವನ್ನೂ ಮಾಡುವುದರಿಂದ ಕೆಲವೊಮ್ಮೆ ಒಂದು ಬದಿಯ ಬಾಡಿಗೆಯಲ್ಲೇ ಮಾತು ಮುಗಿಯುತ್ತದೆ. ಚಾಲಕರು ಕನ್ನಡ ಬಲ್ಲವರು. ನಿಮ್ಮ ರೆಸಾರ್ಟಿಗೆ ಯಾವ ತಿರುವಿನಲ್ಲಿ ಇಳಿಯಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹೊರರಾಜ್ಯದ ಕಾರುಗಳು ಆಗಮನ ದ್ವಾರದ ಎದುರೇ ನಿಲ್ಲುವುದಿಲ್ಲವಾದ್ದರಿಂದ ‘ಎಲ್ಲಿ ನಿಂತಿರುತ್ತೀರಿ?’ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಒಬ್ಬರೋ ಇಬ್ಬರೋ ಕಡಿಮೆ ಸಾಮಾನಿನೊಂದಿಗೆ ಹೊರಟಿದ್ದರೆ ರೈಲು ತುಂಬ ಒಳ್ಳೆಯದು. ದಾಬೋಲಿಂನಿಂದ ಮಡಗಾಂವ್ ರೈಲು ನಿಲ್ದಾಣಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಕೊಂಕಣ ರೈಲ್ವೆಯಲ್ಲಿ ಗೋಕರ್ಣ ರೋಡ್‌ಗೆ ಎರಡು ಗಂಟೆಗಳ ಒಳಗಿನ ಪ್ರಯಾಣ, ನಿಲ್ದಾಣದಿಂದ ಊರಿಗೆ ಆಟೋದಲ್ಲಿ ಇನ್ನು ಹತ್ತು ಕಿಲೋಮೀಟರ್. ಆದರೆ ಎಲ್ಲ ರೈಲುಗಳೂ ಗೋಕರ್ಣ ರೋಡ್‌ನಲ್ಲಿ ನಿಲ್ಲುವುದಿಲ್ಲ. ಮಡಗಾಂವ್–ಮಂಗಳೂರು ವಂದೇ ಭಾರತ್ ಹಿಡಿದವರು ಕಾರವಾರದಲ್ಲೇ ಇಳಿದು ರಸ್ತೆ ಹಿಡಿಯಬೇಕು. ಮಳೆಗಾಲದಲ್ಲಿ ಕೊಂಕಣ ರೈಲ್ವೆ ವೇಗ ತಗ್ಗಿಸಿ ಬೇರೆಯೇ ವೇಳಾಪಟ್ಟಿಯಲ್ಲಿ ಓಡುತ್ತದೆ. ಜೂನ್ ನಂತರದ ಪ್ರಯಾಣಕ್ಕೆ ಬೇಸಿಗೆಯ ಸಮಯ ನಂಬಬೇಡಿ.

ಬಸ್ಸಿನಲ್ಲಿ ಖರ್ಚು ತೀರ ಕಡಿಮೆ. ಕದಂಬ ಸಾರಿಗೆಯಲ್ಲಿ ಮಡಗಾಂವ್‌ಗೆ ಬಂದು, ಅಲ್ಲಿಂದ ಕಾರವಾರಕ್ಕೆ, ಕಾರವಾರದಿಂದ ಅಂಕೋಲಾ ಮೇಲಿನಿಂದ ಗೋಕರ್ಣಕ್ಕೆ ಹೋಗಬೇಕು. ಪ್ರತಿ ಬದಲಾವಣೆಯಲ್ಲೂ ಕಾಯಬೇಕಾಗುವುದರಿಂದ ಅರ್ಧ ದಿನಕ್ಕೂ ಹೆಚ್ಚು ಹೋಗುತ್ತದೆ. ನಾಲ್ಕು ದಿನ ಇರುವವರಿಗೆ ಇದು ಸರಿ, ಎರಡು ರಾತ್ರಿಯವರಿಗೆ ಅಲ್ಲ.

ದಾರಿಯುದ್ದಕ್ಕೂ

ಮಡಗಾಂವ್ ಬಿಟ್ಟು ಕುಂಕಳ್ಳಿ ದಾಟಿದ ಮೇಲೆ ಕಾಣಕೋಣದವರೆಗೆ ಕರಮಲ ಘಟ್ಟದ ಕಾಡು ದಾರಿ. ತಿರುವುಗಳು ಒಂದರ ಹಿಂದೆ ಒಂದು ಬರುವುದರಿಂದ ವಾಂತಿಯಾಗುವ ಮಕ್ಕಳಿದ್ದರೆ ವಿಮಾನ ಇಳಿದ ಕೂಡಲೇ ಹೊಟ್ಟೆ ತುಂಬ ಊಟ ಮಾಡಿಸದೆ, ಊಟವನ್ನು ಕಾರವಾರಕ್ಕೆ ಇಟ್ಟುಕೊಳ್ಳಿ. ಗೋವಾದಲ್ಲಿ ಬಾಡಿಗೆಗೆ ಸಿಗುವ ಸ್ಕೂಟರ್ ಹತ್ತಿ ಈ ಘಟ್ಟವನ್ನು ರಾತ್ರಿ ದಾಟುವ ಸಾಹಸವನ್ನು ದಯವಿಟ್ಟು ಮಾಡಬೇಡಿ.

ಕಾಣಕೋಣದ ಬೈಪಾಸ್ ಮೇಲೆ ತಳಪಣ, ಗಾಲ್ಜಿಬಾಗ್ ನದಿಗಳ ಸೇತುವೆಗಳು ಬರುತ್ತವೆ. ನಂತರ ಪೋಳೆ, ಅದರಾಚೆ ಕರ್ನಾಟಕದ ಮಾಜಾಳಿ ತನಿಖಾ ಠಾಣೆ. ಗೋವಾದ ಮದ್ಯವನ್ನು ಕರ್ನಾಟಕದೊಳಗೆ ತರುವುದು ಅಬಕಾರಿ ಅಪರಾಧ. ಠಾಣೆಯಲ್ಲಿ ಚೀಲ ತೆರೆಸಿ ನೋಡುತ್ತಾರೆ. ಒಂದು ಬಾಟಲಿಗಾಗಿ ಇಡೀ ಸಂಜೆಯನ್ನು ಅಲ್ಲಿ ಕಳೆಯುವುದು ಯಾರಿಗೂ ಬೇಡ.

ಮುಂದೆ ಕಾಳಿ ನದಿ, ಕಾರವಾರ, ಅಂಕೋಲಾ, ಗಂಗಾವಳಿ ನದಿ, ನಂತರ ಮಾದನಗೇರಿಯಲ್ಲಿ ಬಲಕ್ಕೆ ತಿರುವು. ಈ ಭಾಗದಲ್ಲಿ ಮಳೆಗಾಲವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. ಅದೇ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಹಿಂದಿನ ದಿನ ಉತ್ತರ ಕನ್ನಡ ಜಿಲ್ಲಾಡಳಿತದ ಪ್ರಕಟಣೆ ನೋಡಿ, ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿದ್ದರೆ ಪ್ರವಾಸವನ್ನೇ ಮುಂದೂಡುವುದು ಸರಿ.

ಕೊನೆಯ ಅರ್ಧ ಕಿಲೋಮೀಟರ್

ಹೆಚ್ಚಿನವರು ಎಡವುವುದು ಇಲ್ಲಿ. ಬುಕಿಂಗ್ ಪುಟದಲ್ಲಿ ‘ಬೀಚಿಗೆ ಹೊಂದಿಕೊಂಡಿದೆ’ ಎಂದಿರುತ್ತದೆ, ಮ್ಯಾಪಿನಲ್ಲಿ ಗುರುತು ಮರಳಿನ ಮೇಲೆಯೇ ಇರುತ್ತದೆ, ಆದರೆ ಅಲ್ಲಿಯವರೆಗೆ ಕಾರು ಹೋಗುವುದಿಲ್ಲ. ಕುಡ್ಲೆ ಬೀಚಿನ ಅನೇಕ ವಸತಿಗಳಿಗೆ ಕಾರು ಗುಡ್ಡದ ಮೇಲೆಯೇ ನಿಲ್ಲುತ್ತದೆ. ಅಲ್ಲಿಂದ ಕೆಂಪು ಚಿರೇಕಲ್ಲಿನ ಮೆಟ್ಟಿಲು, ಅದು ಮುಗಿದ ಮೇಲೆ ಮರಳು. ಮೆಟ್ಟಿಲುಗಳ ಎತ್ತರ ಒಂದೇ ಸಮನಿಲ್ಲ, ಅಂಚುಗಳು ಸವೆದಿವೆ, ಮಳೆ ಬಿದ್ದರೆ ಪಾಚಿ ಕಟ್ಟಿ ಜಾರುತ್ತವೆ. ಚಕ್ರದ ಸೂಟ್‌ಕೇಸನ್ನು ಅಲ್ಲಿ ಎಳೆಯಲಾಗದು, ತಲೆಯ ಮೇಲೋ ಹೆಗಲ ಮೇಲೋ ಹೊರಬೇಕು. ಮರಳಿಗೆ ಇಳಿದ ಮೇಲೆ ಚಕ್ರ ಹೂತುಕೊಳ್ಳುತ್ತದೆ. ಬೆಳಕಿರುವಾಗಲೇ ತಲುಪಿ ಎಂದದ್ದು ಇದಕ್ಕಾಗಿಯೇ. ಸಾಮಾನನ್ನು ಬೆನ್ನಿಗೆ ಹಾಕುವ ಚೀಲದಲ್ಲಿ ತುಂಬಿ, ಟಾರ್ಚನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಓಂ ಬೀಚಿಗೆ ಡಾಂಬರು ರಸ್ತೆ ಮೇಲಿನ ಪಾರ್ಕಿಂಗ್‌ವರೆಗೆ ಇದೆ, ಅಲ್ಲಿಂದ ಮೆಟ್ಟಿಲಿಳಿಯಬೇಕು. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ರಸ್ತೆಯೇ ಇಲ್ಲ. ಕಾಲುದಾರಿ ಅಥವಾ ದೋಣಿ, ಮಳೆಗಾಲದಲ್ಲಿ ದೋಣಿಯೂ ಇಲ್ಲ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಊರಿಗೆ ಅಂಟಿಕೊಂಡ ಮುಖ್ಯ ಬೀಚಿನ ಕಡೆಯ ವಸತಿಯನ್ನೋ, ಗುಡ್ಡದ ಮೇಲೆ ಬಾಗಿಲವರೆಗೆ ರಸ್ತೆಯಿರುವ ರೆಸಾರ್ಟನ್ನೋ ಆರಿಸಿ. ಹಣ ಕಟ್ಟುವ ಮೊದಲು ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ಮೆಟ್ಟಿಲು, ಸಾಮಾನು ಹೊರಲು ಯಾರಾದರೂ ಬರುತ್ತಾರೆಯೇ?’ ಉತ್ತರ ಅಸ್ಪಷ್ಟವಾಗಿದ್ದರೆ ಬೇರೆ ಕಡೆ ನೋಡಿ. ಶಿವರಾತ್ರಿಯ ದಿನಗಳಲ್ಲಿ ರಥಬೀದಿಯ ಸುತ್ತ ವಾಹನ ಬಿಡುವುದಿಲ್ಲವಾದ್ದರಿಂದ ಆಗ ಊರೊಳಗಿನ ಕೋಣೆಗಿಂತ ಹೊರವಲಯದ್ದು ಅನುಕೂಲ.

ಮರಳುವ ದಿನ ವಿಮಾನದ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ: ನಿಲ್ದಾಣದಲ್ಲಿ ಎರಡು ಗಂಟೆ, ದಾಬೋಲಿಂಗೆ ಮೂರೂವರೆ ಗಂಟೆ ಅಥವಾ ಮೋಪಾಕ್ಕೆ ನಾಲ್ಕೂವರೆ, ಮೆಟ್ಟಿಲು ಹತ್ತಿ ಕಾರು ಮುಟ್ಟಲು ಅರ್ಧ ಗಂಟೆ. ಮಧ್ಯಾಹ್ನ ಎರಡು ಗಂಟೆಗೆ ದಾಬೋಲಿಂನಿಂದ ವಿಮಾನವಿದ್ದರೆ ಬೆಳಿಗ್ಗೆ ಎಂಟಕ್ಕೆ ಕೋಣೆಯ ಬೀಗ ಹಾಕಿ ಹೊರಟಿರಬೇಕು. ಕಾರಿನವರಿಗೆ ಏಳೂವರೆಗೇ ಬರಲು ಹೇಳಿ.