ಲಿನಕ್ಸ್‌ನಲ್ಲಿ ಡಿವಿಡಿ ಡ್ರೈವ್ ಕಾಣ್ತಿಲ್ವಾ? ಹೀಗೆ ಹುಡುಕಿ

ತಂಗಿಯ ನಾಮಕರಣದ ಫೋಟೋಗಳನ್ನು ಅಪ್ಪ ಆಗಿನ ಕಾಲದಲ್ಲಿ ಸಿಡಿಗೆ ಹಾಕಿಸಿಟ್ಟಿದ್ದರು. ಅದು ಕೆಡುವ ಮೊದಲು ಕಾಪಿ ಮಾಡೋಣ ಅಂತ ಕೂತರೆ, ನನ್ನ ಉಬುಂಟು ಲಿನಕ್ಸ್‌ನಲ್ಲಿ ಡ್ರೈವೇ ನಾಪತ್ತೆ. ಬಟನ್ ಒತ್ತಿದರೆ ಟ್ರೇ ಮಾತ್ರ ಚೆನ್ನಾಗಿ ಹೊರಗೆ ಬರುತ್ತಿತ್ತು. ಇಲ್ಲೇ ಎಲ್ಲರೂ ಎಡವುವುದು. ಟ್ರೇ ಬಂತು ಅಂದರೆ ಕರೆಂಟ್ ಸಿಗುತ್ತಿದೆ ಅಂತ ಅಷ್ಟೇ ಅರ್ಥ, ಡೇಟಾ ಕೇಬಲ್ ಬೇರೆಯೇ ಇರುತ್ತದೆ.

ಸುಮ್ನೆ ಸಿಕ್ಕ ಸಿಕ್ಕ ಸಾಫ್ಟ್‌ವೇರ್ ಹಾಕಬೇಡಿ. ಡ್ರೈವ್ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಕಾಣ್ತಿದೆಯಾ ಅಂತ ಮೊದಲು ನೋಡಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ (lsblk) ಅನ್ನೋ ಕಮಾಂಡ್ ಕೊಡಿ. ಪಟ್ಟಿಯಲ್ಲಿ ಎಸ್‌ಆರ್0 (sr0) ಅನ್ನೋ ಹೆಸರು, ಅದರ ಮುಂದೆ ರಾಮ್ (rom) ಅಂತ ಇದ್ದರೆ ಡ್ರೈವ್ ಸಿಕ್ಕಿದೆ. ಡಿಸ್ಕ್ ಹಾಕದೆ ಇದ್ದಾಗಲೂ ಅಲ್ಲಿ 1024 ಎಂಬಿ ಅಂತ ತೋರಿಸಬಹುದು, ಅದಕ್ಕೆ ಗಾಬರಿಯಾಗಬೇಡಿ.

ಎಸ್‌ಆರ್0 ಇದ್ದೂ ಪ್ರೋಗ್ರಾಮ್ ತೆಗೆಯುತ್ತಿಲ್ಲ ಅಂದರೆ ತೊಂದರೆ ಸಣ್ಣದು. ಹಳೆಯ ಸೆಟಪ್‌ಗಳ ಎಫ್‌ಎಸ್‌ಟ್ಯಾಬ್ (/etc/fstab, ಡ್ರೈವ್‌ಗಳ ಪಟ್ಟಿ) ಫೈಲಿನಲ್ಲಿ ಡ್ರೈವಿನ ಹಳೆಯ ಹೆಸರು ಎಚ್‌ಡಿಸಿ (hdc) ಅಂತ ಉಳಿದಿರಬಹುದು, ಅದನ್ನು ಎಸ್‌ಆರ್0 ಮಾಡಿ. ಅನುಮತಿ ಇಲ್ಲ ಅಂತ ಬಂದರೆ ನಿಮ್ಮ ಯೂಸರ್ ಅನ್ನು ಡ್ರೈವ್ ಬಳಸಬಲ್ಲ ಗುಂಪಿಗೆ ಸೇರಿಸಿ: ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಸಿಡಿರಾಮ್ (cdrom), ಆರ್ಚ್ ಲಿನಕ್ಸ್‌ನಲ್ಲಿ ಆಪ್ಟಿಕಲ್ (optical). ಸೇರಿಸಿದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಬನ್ನಿ, ಇಲ್ಲದಿದ್ದರೆ ಅದು ಲೆಕ್ಕಕ್ಕೆ ಬರಲ್ಲ. ಖಾಲಿ ಡಿಸ್ಕ್ ಅಂತೂ ಮೌಂಟ್ ಆಗುವುದೇ ಇಲ್ಲ, ಅಂದರೆ ಫೋಲ್ಡರಾಗಿ ತೆರೆದುಕೊಳ್ಳುವುದಿಲ್ಲ.

ಎಸ್‌ಆರ್0 ಇಲ್ಲವೇ ಇಲ್ಲ ಅಂದರೆ ಸುಡೋ ಹಾಕಿ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (sudo dmesg) ಓಡಿಸಿ, ಎಟಿಎಪಿಐ (ATAPI, ಡಿವಿಡಿ ಡ್ರೈವ್‌ಗಳು ಮಾತಾಡುವ ರೀತಿ) ಅನ್ನೋ ಸಾಲು ಹುಡುಕಿ. ಆ ಸಾಲು ಇದೆ, ಡ್ರೈವಿನ ಮಾಡೆಲ್ ಹೆಸರೂ ಇದೆ, ಆದರೂ ಎಸ್‌ಆರ್0 ಹುಟ್ಟಿಲ್ಲ ಅಂದರೆ ಎಸ್‌ಆರ್_ಮಾಡ್ (sr_mod) ಅನ್ನೋ ಮಾಡ್ಯೂಲ್, ಅಂದರೆ ಡ್ರೈವ್ ನಡೆಸುವ ಕರ್ನಲ್‌ನ ತುಣುಕು, ಲೋಡ್ ಆಗಿಲ್ಲ ಅನ್ನೋದೇ ಮೊದಲ ಅನುಮಾನ. ಸುಡೋ ಮಾಡ್‌ಪ್ರೋಬ್ (sudo modprobe) ಜೊತೆ ಆ ಹೆಸರು ಕೊಟ್ಟು ನೋಡಿ. ಪ್ರತಿ ಸಲ ಬೂಟ್ ಆದಾಗಲೂ ಮಾಯವಾದರೆ /ಇಟಿಸಿ/ಮಾಡ್‌ಪ್ರೋಬ್.ಡಿ (/etc/modprobe.d) ಫೋಲ್ಡರ್ ಒಳಗೆ ಯಾರಾದರೂ ಆ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ ತಡೆದಿದ್ದಾರಾ ನೋಡಿ. ಆರ್ಚ್ ಬಳಸುವವರಿಗೆ ಇನ್ನೊಂದು ಮಾತು, ಕರ್ನಲ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡದೇ ಇದ್ದರೆ ಹಳೆಯ ಮಾಡ್ಯೂಲ್‌ಗಳ ಫೋಲ್ಡರ್ ಹೋಗಿಬಿಟ್ಟಿರುತ್ತದೆ, ಮಾಡ್ಯೂಲ್ ಸಿಗಲಿಲ್ಲ ಅನ್ನೋ ಉತ್ತರವೇ ಬರುತ್ತದೆ. ರೀಬೂಟ್ ಮಾಡಿದರೆ ಸರಿಹೋಗುತ್ತದೆ.

ಎಟಿಎಪಿಐ ಸಾಲೇ ಇಲ್ಲವಾ? ಹಾಗಾದರೆ ಲಿನಕ್ಸ್ ಬಿಡಿ, ಬಯೋಸ್ (ಕಂಪ್ಯೂಟರ್ ಆನ್ ಆಗುವಾಗಿನ ಸೆಟಪ್) ನೋಡಿ. ಅಲ್ಲಿ ಡ್ರೈವಿನ ಡೇಟಾ ಕೇಬಲ್ ಕೂರುವ ಸಾಟಾ (SATA) ಪೋರ್ಟ್ ಡಿಸೇಬಲ್ ಆಗಿರಬಹುದು. ಎನೇಬಲ್ ಇದ್ದೂ ಡ್ರೈವ್ ಹೆಸರು ಬರದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ತೆಗೆದು, ಬಾಕ್ಸ್ ಬಿಚ್ಚಿ. ನನ್ನದರಲ್ಲಿ ಆಗಿದ್ದು ಇದೇ. ಎರಡು ವಾರದ ಹಿಂದೆ ಎಸ್‌ಎಸ್‌ಡಿ ಹಾಕುವಾಗ ಕೈ ತಾಗಿ ಡಿವಿಡಿ ಡ್ರೈವಿನ ಕೆಂಪು ಸಾಟಾ ಕೇಬಲ್ ಒಂದು ಕಡೆ ಕೂದಲೆಳೆಯಷ್ಟು ಮೇಲೆದ್ದಿತ್ತು. ಕಣ್ಣಿಗೆ ಕೂತ ಹಾಗೇ ಕಾಣುತ್ತಿತ್ತು, ಬೆರಳಿಟ್ಟು ಒತ್ತಿದಾಗ ಟಕ್ ಅಂತ ಒಳಗೆ ಹೋಯಿತು. ಒತ್ತಿದರೂ ಬರದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ. ಯುಎಸ್‌ಬಿ ಡ್ರೈವ್ ಆದರೆ ಹಬ್ ಬೇಡ, ನೇರವಾಗಿ ಕಂಪ್ಯೂಟರಿಗೇ ಚುಚ್ಚಿ, ಹಬ್‌ನಲ್ಲಿ ಎಷ್ಟೋ ಸಲ ಕರೆಂಟ್ ಸಾಲಲ್ಲ.

ಡ್ರೈವ್ ವಾಪಸ್ ಬಂದ ತಕ್ಷಣ ಹಳೆಯ ಡಿಸ್ಕ್‌ಗಳನ್ನು ಕಾಪಿ ಮಾಡಿಕೊಳ್ಳಿ. ಗೀರು ಬಿದ್ದವಕ್ಕೆ ಡಿಡಿರೆಸ್ಕ್ಯೂ (ddrescue) ಅನ್ನೋ ಪ್ರೋಗ್ರಾಮ್ ಬಳಸಿ. ಅದು ಓದಲು ಬರುವ ಭಾಗವನ್ನು ಮೊದಲು ತೆಗೆದಿಟ್ಟು, ಕೆಟ್ಟ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಹೋಗಿ ಪ್ರಯತ್ನಿಸುತ್ತದೆ. ನಮ್ಮ ಸಿಡಿಯಲ್ಲಿ ಎರಡು ಫೋಟೋ ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು.