ಮನೆಯಲ್ಲೇ ಜಮಖಾನ ನೇಯ್ದೆ: 30 ಇಂಚು 26 ಆದ ಕಥೆ

ಅಟ್ಟದಲ್ಲಿದ್ದ ಹಳೇ ಜಮಖಾನಕ್ಕೆ ಇಲಿ ಬಾಯಿ ಹಾಕಿತ್ತು. ನೀಲಿ, ಕೆಂಪು ಪಟ್ಟೆಯದು. ಹನುಮಂತನಗರದ ನಮ್ಮ ಮನೆಯಲ್ಲಿ ನಾಮಕರಣ ಆಗಲಿ, ಗೌರಿ ಹಬ್ಬಕ್ಕೆ ನಾಲ್ಕು ಜನ ಬರಲಿ, ಹಾಸುತ್ತಿದ್ದುದು ಅದನ್ನೇ. ಅಂಗೈಯಗಲದ ತೂತು. ಅರ್ಧ ಗಂಟೆ ಕೆಲಸ ಅಂದುಕೊಂಡು ಸೂಜಿ ದಾರ ಹಿಡಿದು ಕೂತೆ. ಅಂಚಿನಿಂದ ಒಂದು ನೀಲಿ ಎಳೆ ಬಿಡಿಸಿದರೆ ಒಳಗೆ ಬಿಳಿ ನೂಲು ಇಣುಕಿತು. ಅಷ್ಟು ವರ್ಷ ಅದರ ಮೇಲೆ ಕೂತಿದ್ದರೂ ಆ ಬಿಳಿ ನೂಲನ್ನು ನಾನು ನೋಡೇ ಇರಲಿಲ್ಲ.

ಉದ್ದಕ್ಕೆ ಹೋಗುವ ಆ ಬಿಳಿ ನೂಲೇ ಹಾಸು. ಅಡ್ಡಕ್ಕೆ ಓಡುವ ಬಣ್ಣದ್ದು ಹೊಕ್ಕು. ಸೀರೆಯಲ್ಲಿ ಎರಡೂ ಕಾಣುತ್ತವೆ. ಜಮಖಾನದಲ್ಲಿ ಹೊಕ್ಕನ್ನು ಎಷ್ಟು ಒತ್ತಿ ಒತ್ತಿ ಕೂರಿಸುತ್ತಾರೆ ಅಂದರೆ ಹಾಸು ಪೂರ್ತಿ ಮುಚ್ಚಿಹೋಗುತ್ತದೆ. ಕೊನೆಯಲ್ಲಿ ಕುಚ್ಚಾಗಿ ಹೊರಬಂದಾಗ ಮಾತ್ರ ಅದರ ಮುಖ ಕಾಣೋದು. ತೂತು ಮುಚ್ಚಬೇಕಾದರೆ ಮೊದಲು ನೇಯ್ಗೆ ಕಲಿಯಬೇಕು ಅಂತ ಅವತ್ತೇ ಗೊತ್ತಾಯಿತು. ಮನೆಯಲ್ಲಿ ನಕ್ಕರು.

ಅದೇ ತಿಂಗಳು ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಿ ಕರಕುಶಲ ಮೇಳ ನಡೆದಿತ್ತು. ಧಾರವಾಡ ಜಿಲ್ಲೆಯ ನವಲಗುಂದದಿಂದ ಬಂದಿದ್ದ ಒಬ್ಬ ಹೆಂಗಸು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನೇಯುತ್ತಿದ್ದರು. ಅಲ್ಲಿನ ಜಮಖಾನ ಹೆಸರುವಾಸಿ. ನವಿಲು, ಪಗಡೆ ಹಾಸು (ಪಗಡೆಯಾಟದ ಪಟದ ಚಿತ್ತಾರ), ಕಣ್ಣು ಕೋರೈಸುವ ಕೆಂಪು, ಹಳದಿ. ನಾನೂ ಕಲೀಬೇಕು ಅಂದೆ. "ನಮ್ಮ ಕಡಿ ಗಂಡಸರು ನೇಯೂದಿಲ್ಲರೀ ಅಣ್ಣಾರ" ಅಂತ ನಕ್ಕರು. ಆದರೂ ಜರುಗಿ ಪಕ್ಕದಲ್ಲಿ ಜಾಗ ಕೊಟ್ಟರು. ಮೂರು ದಿನ ಆಫೀಸು ಮುಗಿಸಿ ನೇರ ಅಲ್ಲಿಗೇ ಹೋದೆ.

ಮಗ್ಗ ಅಂದರೆ ದೊಡ್ಡದೇನೂ ಅಲ್ಲ. ನಾಲ್ಕಡಿ ಅಗಲ, ಆರಡಿ ಎತ್ತರದ ಚೌಕಟ್ಟು ಅಷ್ಟೇ. ಬಡಗಿಯಿಂದ ಸಿಲ್ವರ್ ಓಕ್ ಮರದಲ್ಲಿ ಮಾಡಿಸಿದೆ. ಅಗ್ಗ ಅಂತ ಮಾಡಿದ ಮೊದಲ ತಪ್ಪು ಅದು. ನನ್ನ ಲೆಕ್ಕ 30 ಇಂಚು ಅಗಲ, 48 ಇಂಚು ಉದ್ದ. ಇಂಚಿಗೆ 8 ಎಳೆಯಂತೆ ಹಾಸಿನ ನೂಲು 240 ಎಳೆ. ಒಂದೊಂದು ಎಳೆಯನ್ನು ಅರ್ಧ ಕಿಲೋ ತೂಕದಷ್ಟು ಬಿಗಿದರೂ ಮೇಲಿನ ಅಡ್ಡಪಟ್ಟಿಯ ಮೇಲೆ 120 ಕಿಲೋ ಬೀಳುತ್ತದೆ. ಇಬ್ಬರು ಜೋತುಬಿದ್ದ ಹಾಗೆ. ಪಟ್ಟಿ ಬಿಲ್ಲಿನಂತೆ ಬಾಗಿತು, ನಡುವಿನ ಎಳೆಗಳು ಸಡಿಲವಾದವು. ಎಲ್ಲ ಬಿಚ್ಚಿ, ಕಲಾಸಿಪಾಳ್ಯದಿಂದ ಒಂದೂವರೆ ಇಂಚಿನ ಜಿಐ ಪೈಪ್ ತಂದು ಮೇಲೂ ಕೆಳಗೂ ಹಾಕಿದೆ. ಆಮೇಲೆ ತೊಂದರೆ ಬರಲಿಲ್ಲ.

ನೂಲು ಸಿಕ್ಕಿದ್ದು ಕಬ್ಬನ್‌ಪೇಟೆಯ ಒಂದು ಗಲ್ಲಿಯಲ್ಲಿ. "ಎಷ್ಟನೇ ನಂಬರ್ ಸಾರ್?" ಅಂದರು ಅಂಗಡಿಯವರು. ನಂಬರ್ ಜಾಸ್ತಿ ಆದಷ್ಟೂ ನೂಲು ಸಣ್ಣ. ನಾನು ತಂದದ್ದು 10ನೇ ನಂಬರಿನ ಹತ್ತಿ ನೂಲು, ಆರು ಎಳೆ ಹುರಿ ಮಾಡಿದ್ದು. ಹಾಸಿಗೆ ಅದೇ ಒಂಟಿ, ಹೊಕ್ಕಿಗೆ ಎರಡೆರಡು ಜೋಡಿಸಿ. ಹಾಸಿಗೇ ಸುಮಾರು 440 ಮೀಟರ್ ಹಿಡಿಯಿತು. ಒಂದು ಪರೀಕ್ಷೆ ಹೇಳುತ್ತೇನೆ: ಕೈಯಲ್ಲಿ ಜಗ್ಗಿದರೆ ಪಟ್ ಅಂತ ಹರಿಯುವ ನೂಲನ್ನು ಹಾಸಾಗಿ ಹಾಕಲೇಬೇಡಿ. ಹೊಕ್ಕು ಹರಿದರೆ ಇನ್ನೊಂದು ತುಂಡು ಸೇರಿಸಬಹುದು. ಬಿಗಿದು ನಿಂತ ಹಾಸು ನಡುವೆ ಹರಿದರೆ ಆ ಸಂಜೆ ಅಲ್ಲಿಗೇ ಮುಗಿಯಿತು.

ಕೆಂಪು ಬಣ್ಣ ಬಿಡುತ್ತಿತ್ತು. ಉಪ್ಪು ನೀರಲ್ಲಿ ನೆನೆಸಿ ಅಂತ ಕಂಡವರೆಲ್ಲ ಹೇಳಿದರು. ನನಗೇನೂ ಪ್ರಯೋಜನ ಕಾಣಲಿಲ್ಲ. ಲಡಿಯನ್ನು ನೀರು ತಿಳಿಯಾಗುವವರೆಗೆ ಏಳೆಂಟು ಸಲ ಒಗೆದದ್ದೇ ಉಪಾಯ. ನೇಯ್ದ ಮೇಲೆ ಒಗೆದು ಗೊತ್ತಾಗಿದ್ದರೆ ಬಿಳಿಯೆಲ್ಲ ಗುಲಾಬಿ ಆಗುತ್ತಿತ್ತು.

ಇನ್ನು ನೇಯ್ಗೆ. ಸಮ ಎಳೆಗಳು ಮುಂದೆ, ಬೆಸ ಎಳೆಗಳು ಹಿಂದೆ. ನಡುವೆ ಒಂದು ಪಟ್ಟಿ ತೂರಿಸಿ ದಾರಿ ತೆರೆಯಬೇಕು, ಹೊಕ್ಕು ಹಾಯಿಸಬೇಕು. ವಾಪಸು ಬರುವಾಗ ಹಿಂದಿನವು ಮುಂದೆ ಬರಬೇಕಲ್ವಾ? ಅದಕ್ಕೆ ಹಿಂದಿನ ಪ್ರತಿ ಎಳೆಗೂ ದಾರದ ಕುಣಿಕೆ ಹಾಕಿ ಒಂದು ಕೋಲಿಗೆ ಕಟ್ಟಿರುತ್ತಾರೆ. ಕೋಲು ಎಳೆದರೆ ಸಾಕು. 120 ಕುಣಿಕೆ ಕಟ್ಟಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು. ಸಾಲು ಹಾಯಿಸಿದ ಮೇಲೆ ಪಂಜದಿಂದ ಹೊಡೆಯಬೇಕು. ಪಂಜ ಅಂದರೆ ಹುಲಿ ಪಂಜದ ಹಾಗೆ ಬಾಗಿದ ಹಲ್ಲುಗಳ ಕಬ್ಬಿಣದ ಬಾಚಣಿಗೆ. ಊಟದ ಫೋರ್ಕಿನಲ್ಲಿ ಶುರು ಮಾಡಿ ಎರಡು ದಿನದಲ್ಲಿ ಕೈಬಿಟ್ಟೆ. ಕೆಲಸ ಮಾಡೋದು ಕೈಯ ಬಲ ಅಲ್ಲ, ಪಂಜದ ತೂಕ.

ಮೊದಲ ವಾರ ನನ್ನ ಕಣ್ಣೆಲ್ಲ ಚಿತ್ತಾರದ ಮೇಲೇ. ಪಗಡೆ ಹಾಸನ್ನು ಗ್ರಾಫ್ ಹಾಳೆಯಲ್ಲಿ ಬರೆದುಕೊಂಡಿದ್ದೆ, ಚೌಕ ಎಣಿಸಿ ಎಣಿಸಿ ನೇಯುತ್ತಿದ್ದೆ. 14 ಇಂಚು ಮೇಲೆ ಬಂದ ಮೇಲೆ ದೂರ ನಿಂತು ನೋಡಿದೆ. ಜಮಖಾನಕ್ಕೆ ಸೊಂಟ ಬಂದಿತ್ತು! ಕೆಳಗೆ 30 ಇಂಚು, ಮೇಲೆ 26. ಚಿತ್ತಾರ ಮಾತ್ರ ಒಂದು ಚೌಕವೂ ತಪ್ಪಿರಲಿಲ್ಲ.

ಆಗ ನೆನಪಾಯಿತು, ಮೇಳದಲ್ಲಿ ಆ ಅಕ್ಕ ಮೂರು ದಿನವೂ ಹೇಳಿದ್ದ ಮಾತು: "ನೂಲು ಜಗ್ಗಬ್ಯಾಡ್ರಿ, ಗುಡ್ಡಾ ಮಾಡಿ ಬಿಡ್ರಿ." ಹೊಕ್ಕು ನೇರ ಗೆರೆಯಲ್ಲಿ ಹೋಗುವುದಿಲ್ಲ. ಪ್ರತಿ ಎಳೆಯ ಮುಂದೆ, ಹಿಂದೆ ಬಳುಕುತ್ತಾ ಹೋಗುತ್ತದೆ. ಹಾಗಾಗಿ 30 ಇಂಚು ಅಗಲಕ್ಕೆ 35 ಇಂಚಾದರೂ ನೂಲು ಬೇಕು. ನೀವು ನೆಟ್ಟಗೆ ಎಳೆದಿಟ್ಟು ಹೊಡೆದರೆ, ಕಡಿಮೆ ಬಿದ್ದಿದ್ದನ್ನು ಅದು ಅಂಚಿನಿಂದ ಕಿತ್ತುಕೊಳ್ಳುತ್ತದೆ. ಒಂದು ಸಾಲಿಗೆ ಮಿಲಿಮೀಟರಿನ ಮೂರನೇ ಒಂದು ಭಾಗ, ಅಷ್ಟೇ. ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಇಂಚಿಗೆ 20 ಸಾಲು, 14 ಇಂಚಿಗೆ 280 ಸಾಲು. ನಾಲ್ಕು ಇಂಚು ಹೋಯಿತು!

ಎರಡು ವಾರದ ಕೆಲಸ ಒಂದು ರಾತ್ರಿಯಲ್ಲಿ ಬಿಚ್ಚಿದೆ. ಬೇಜಾರು ಆಗಲಿಲ್ಲ ಅಂದರೆ ಸುಳ್ಳು. ಎರಡನೇ ಸಲ ಪ್ರತಿ ಸಾಲನ್ನೂ ಮೂರು ಬೆರಳು ಎತ್ತರದ ಸಣ್ಣ ಸಣ್ಣ ಗುಡ್ಡಗಳಾಗಿ ಬಿಟ್ಟೆ. ಮೊದಲು ಗುಡ್ಡದ ತುದಿ ಒತ್ತಿ, ಆಮೇಲೆ ಪಂಜ ಹೊಡೆದೆ. ಅಂಚಿನ ಎಳೆಗಳನ್ನು ಜೋಡಿ ಮಾಡಿದೆ. ಎರಡೆರಡು ಇಂಚಿಗೆ ಅಂಚನ್ನು ದಾರದಿಂದ ಪಕ್ಕದ ಕಂಬಕ್ಕೆ ಎಳೆದು ಕಟ್ಟಿದೆ. ಅಳತೆ ಟೇಪು ಕೊರಳಲ್ಲೇ ಇರುತ್ತಿತ್ತು, ಟೈಲರ್ ಥರ.

ಬಣ್ಣ ಬದಲಾಗುವ ಜಾಗ ಇನ್ನೊಂದು ತಲೆನೋವು. ಕೆಂಪು ಒಂದು ಕಡೆಯಿಂದ ಬಂದು ತಿರುಗಿತು, ಹಳದಿ ಇನ್ನೊಂದು ಕಡೆಯಿಂದ ಬಂದು ತಿರುಗಿತು ಅಂದರೆ ನಡುವೆ ಸೀಳು ಉಳಿಯುತ್ತದೆ. ಓರೆ ಗೆರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದರಿಂದ ಸೀಳು ದೊಡ್ಡದಾಗುವುದಿಲ್ಲ. ನೆಟ್ಟನೆಯ ಗೆರೆಯಲ್ಲಿ ಬೆರಳು ತೂರುವಷ್ಟಾಗುತ್ತದೆ. ಎರಡೂ ಬಣ್ಣವನ್ನು ಒಂದೇ ಹಾಸಿನ ಎಳೆಗೆ ಸುತ್ತಿದರೆ ಸೀಳಿಲ್ಲ, ಆದರೆ ಅಲ್ಲಿ ದಪ್ಪ ಏಣು ಏಳುತ್ತದೆ. ನಾನು ಒಂದು ಬಣ್ಣವನ್ನು ಇನ್ನೊಂದಕ್ಕೆ ಕೊಂಡಿಯ ಹಾಗೆ ಸಿಕ್ಕಿಸಿ ತಿರುಗಿಸಿದೆ. ನಿಧಾನ, ಆದರೆ ಚಪ್ಪಟೆ ಬರುತ್ತದೆ.

ನೇಯುತ್ತಿದ್ದುದು ರಾತ್ರಿ ಒಂಬತ್ತರ ನಂತರ. ಐದನೇ ದಿನ ಕೆಳಗಿನ ಮನೆಯ ಆಂಟಿ ಮೇಲೆ ಬಂದರು. "ಏನಪ್ಪಾ, ದಿನಾ ರಾತ್ರಿ ಮಸಾಲೆ ಕುಟ್ತೀರಾ?" ಅಂದರು. ಚೌಕಟ್ಟಿನ ಕಾಲಿಗೆ ಹಳೇ ಕಂಬಳಿ ಮಡಿಸಿ ಇಟ್ಟ ಮೇಲೆ ಸದ್ದು ಅಡಗಿತು.

ನಡುವೆ ಒಂದು ಹುಚ್ಚು ಹಿಡಿದು ಗಂಟಿನ ರತ್ನಗಂಬಳಿಗೂ ಕೈ ಹಾಕಿದೆ. ಕಾಶ್ಮೀರ, ಉತ್ತರ ಪ್ರದೇಶದ ಭದೋಹಿ ಕಡೆಯದು. ಅದು ಬೇರೆಯದೇ ಲೋಕ. ಎರಡು ಹಾಸಿನ ಎಳೆಗೆ ಉಣ್ಣೆಯ ಒಂದು ಗಂಟು ಹಾಕಿ ಕತ್ತರಿಸಬೇಕು, ಮುಂದಿನ ಗಂಟು, ಹೀಗೆ ಒಂದು ಸಾಲು ಮುಗಿದ ಮೇಲೆ ಹೊಕ್ಕು ಹಾಯಿಸಿ ಹೊಡೆಯಬೇಕು. ಕಾಶ್ಮೀರದಲ್ಲಿ ಚಿತ್ರ ನೋಡಿ ನೇಯುವುದಿಲ್ಲ. ಯಾವ ಬಣ್ಣದ ಗಂಟು ಎಷ್ಟು ಅಂತ ಸಂಕೇತಗಳಲ್ಲಿ ಬರೆದ ಚೀಟಿ ಓದಿಕೊಂಡು ನೇಯುತ್ತಾರೆ. ಅದಕ್ಕೆ ತಾಲೀಮ್ ಅಂತ ಹೆಸರು. ನನ್ನ ವೇಗ ಗಂಟೆಗೆ 60 ಗಂಟು. ಚದರ ಇಂಚಿಗೆ 400 ಗಂಟಿನ ಆರಡಿ ನಾಲ್ಕಡಿ ಕಂಬಳಿಗೆ 13,82,400 ಗಂಟು ಬೇಕು. ದಿನಕ್ಕೆ ಎಂಟು ಗಂಟೆ ಕೂತರೂ ನನಗೆ ಎಂಟು ವರ್ಷ ಹತ್ತಿರ. ಅಂಗೈಯಷ್ಟು ಮಾಡಿ ನಿಲ್ಲಿಸಿದೆ, ಈಗ ಅದರ ಮೇಲೆ ಕಾಫಿ ಲೋಟ ಕೂರುತ್ತದೆ. ಅಂದಹಾಗೆ, ಅಂಗಡಿಯಲ್ಲಿ ಕೈಗಂಟಿನದು ಅಂತ ಕೊಟ್ಟರೆ ತಿರುಗಿಸಿ ನೋಡಿ. ಹಿಂದೆ ಚಿತ್ತಾರ ಸ್ಪಷ್ಟವಾಗಿ, ಗಂಟು ಗಂಟಾಗಿ ಕಾಣಬೇಕು. ಬಟ್ಟೆ ಅಂಟಿಸಿದ್ದರೆ ಅದು ಗಂಟಿನದಲ್ಲ. ಕುಚ್ಚು ಹೊಲಿದು ಸೇರಿಸಿದ್ದರೂ ಅನುಮಾನ ಪಡಿ.

ಏಳನೇ ವಾರ ನನ್ನ ಜಮಖಾನವನ್ನು ಮಗ್ಗದಿಂದ ಕತ್ತರಿಸಿದೆ. ಬಿಗಿತ ಬಿಟ್ಟ ಕೂಡಲೇ ಉದ್ದದಲ್ಲಿ ಒಂದೂವರೆ ಇಂಚು ಕುಗ್ಗಿತು. ಅಗಲ ಕೆಳಗೆ ಇಪ್ಪತ್ತೊಂಬತ್ತೂವರೆ, ಮೇಲೆ ಇಪ್ಪತ್ತೊಂಬತ್ತು. ಅಮ್ಮ ಚಿತ್ತಾರದ ಕಡೆ ನೋಡಲೇ ಇಲ್ಲ. ಎರಡು ಅಂಚು ಹಿಡಿದು ಸೀರೆ ಮಡಿಸುವ ಹಾಗೆ ಒಂದರ ಮೇಲೊಂದು ಇಟ್ಟು ನೋಡಿದರು. "ಪರವಾಗಿಲ್ಲ" ಅಂದರು.

ಈಗ ಇಲಿ ತಿಂದ ಹಳೇ ಜಮಖಾನವನ್ನು ಮತ್ತೆ ಕೆಳಗಿಳಿಸಿದ್ದೇನೆ. ಹಾಸಿನ ಎಳೆಗಳು ತುಂಡಾಗಿದ್ದವು. ಹೊಸ ಎಳೆಗಳನ್ನು ಸೂಜಿಯಿಂದ ತೂತಿನ ಎರಡೂ ಬದಿಗೆ ಎರಡೆರಡು ಇಂಚು ಒಳಕ್ಕೆ ಸೇರಿಸಿ ಆಯಿತು. ಹೊಕ್ಕು ಮಾತ್ರ ಬಾಕಿ. ಹಳೇ ನೀಲಿಗೆ ಹೊಸ ನೀಲಿ ಹೊಂದುತ್ತಿಲ್ಲ. ಲಡಿಯನ್ನು ತಾರಸಿಯ ಹಗ್ಗಕ್ಕೆ ಹಾಕಿದ್ದೇನೆ, ಬಿಸಿಲಿಗೆ ಸ್ವಲ್ಪ ಮಾಸಲಿ ಅಂತ.