ಎಣ್ಣೆಬೀಜದ ಮೆಷಿನ್‌ನಲ್ಲಿ ಟೈಟ್ ಕಲ್ಲಿನ ಪೊರಾಸಿಟಿ: ನನ್ನ ಅನುಭವ

ಸೂರ್ಯಕಾಂತಿ ಬೀಜದ ಎಣ್ಣೆ ಅಳೆಯುವ ಹಳೇ ಎನ್‌ಎಂಆರ್ ಮೆಷಿನ್‌ನಲ್ಲಿ (ಮ್ಯಾಗ್ನೆಟ್‌ನೊಳಗೆ ಇಟ್ಟು ಹೈಡ್ರೋಜನ್‌ನ ಸಿಗ್ನಲ್ ಓದುವ ಯಂತ್ರ) ಟೈಟ್ ಸ್ಯಾಂಡ್‌ಸ್ಟೋನ್‌ನ, ಅಂದರೆ ತೀರಾ ಸಣ್ಣ ರಂಧ್ರಗಳ ಮರಳುಗಲ್ಲಿನ, ಪೊರಾಸಿಟಿ (ಕಲ್ಲಿನಲ್ಲಿ ರಂಧ್ರಗಳ ಪಾಲು) ಅಳೆಯುತ್ತೇನೆ ಅಂದಾಗ ಗೊತ್ತಿದ್ದವರೆಲ್ಲ ನಕ್ಕಿದ್ದರು. ಈಗ ತೈಲ-ಗ್ಯಾಸ್ ಸಿಗುವ ಕೃಷ್ಣಾ-ಗೋದಾವರಿ ಬೇಸಿನ್‌ನ ಕೋರ್‌ಗಳು (ಬಾವಿಯಿಂದ ಕೊರೆದು ತೆಗೆದ ಕಲ್ಲು) ಹಾಸನದ ನನ್ನ ಶೆಡ್ಡಿಗೆ ಬರುತ್ತಿವೆ. ರಂಧ್ರಕ್ಕೆ ಹೀಲಿಯಂ ಗ್ಯಾಸ್ ತುಂಬಿ ಅಳೆಯುವ ಲೆಕ್ಕಕ್ಕೂ, ಉಪ್ಪುನೀರು ತುಂಬಿ ಅದರ ಸಿಗ್ನಲ್ ಓದುವ ನನ್ನ ಲೆಕ್ಕಕ್ಕೂ ಅರ್ಧ ಯೂನಿಟ್‌ಗಿಂತ (ಒಂದು ಯೂನಿಟ್ ಅಂದರೆ ಪೊರಾಸಿಟಿಯಲ್ಲಿ ಒಂದು ಪರ್ಸೆಂಟ್) ಜಾಸ್ತಿ ವ್ಯತ್ಯಾಸ ಬರುವುದು ಅಪರೂಪ.

ಮೆಷಿನ್‌ಗೆ ಬಿದ್ದದ್ದು ಹೆಚ್ಚುಕಮ್ಮಿ 5 ಲಕ್ಷ. ಮೊದಮೊದಲು ಹೀಲಿಯಂ 6 ಪರ್ಸೆಂಟ್ ಅಂದರೆ ಇದು 2 ಅನ್ನುತ್ತಿತ್ತು. ಬೀಜದ ಸೆಟ್ಟಿಂಗ್‌ನಲ್ಲಿ ಎಣ್ಣೆಯ ಎಕೋ (ಪಲ್ಸ್ ಕೊಟ್ಟ ಮೇಲೆ ಮರಳಿ ಬರುವ ಸಿಗ್ನಲ್) ಓದುವುದೇ ಸುಮಾರು 7 ಮಿಲಿಸೆಕೆಂಡ್ ಕಳೆದ ಮೇಲೆ, ಅಷ್ಟರಲ್ಲಿ ತೇವದ ಸಿಗ್ನಲ್ ಸತ್ತುಹೋಗಲಿ ಅಂತ. ಸಣ್ಣ ರಂಧ್ರದ ನೀರಿನ ಸಿಗ್ನಲ್ಲೂ ಹಾಗೇ ಬೇಗ ಸಾಯುತ್ತದೆ, ನಮಗೆ ಬೇಕಾದದ್ದು ಅದೇ ಅಲ್ವಾ! ಒಂದರ ಹಿಂದೊಂದು ಎಕೋ ಓದುವ ಸಿಪಿಎಂಜಿ ವಿಧಾನಕ್ಕೆ ಬದಲಾಯಿಸಿ, ಎಕೋ ಸ್ಪೇಸಿಂಗ್ (ಎರಡು ಎಕೋ ನಡುವಿನ ಸಮಯ) 0.1 ಮಿಲಿಸೆಕೆಂಡ್‌ಗೆ ಇಳಿಸಿದೆ. 4ರ ಹತ್ತಿರ ಬಂತು.

ಉಳಿದದ್ದು ಎಲ್ಲಿ? ತೂಕ ಹಾಕಿದಾಗ ಗೊತ್ತಾಯಿತು, ನೀರು ಒಳಗೆ ಪೂರ್ತಿ ಹೋಗಿಯೇ ಇಲ್ಲ. ರಾತ್ರಿಯಿಡೀ ವ್ಯಾಕ್ಯೂಮ್ ಕೊಟ್ಟರೂ ಈ ಕಲ್ಲು ಜಗ್ಗುವುದಿಲ್ಲ. ಒತ್ತಡದಲ್ಲಿ ನೀರು ತುಂಬುವ ಪ್ರೆಶರ್ ಸ್ಯಾಚುರೇಟರ್‌ಗೆ ಕೊಟೇಶನ್ ಕೇಳಿದೆ, ಮೆಷಿನ್‌ನ ಅರ್ಧ ಬೆಲೆ ಹೇಳಿದರು. ಬಿಟ್ಟೆ. ಪೈಪ್ ಟೆಸ್ಟಿಂಗ್‌ನವರ ಕೈಪಂಪು 15 ಸಾವಿರದೊಳಗೆ ಸಿಕ್ಕಿತು, ದಪ್ಪ ಗೋಡೆಯ ಸ್ಟೀಲ್ ಸೆಲ್ ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಮೊದಲ ಓ-ರಿಂಗ್‌ಗಳೆಲ್ಲ ಸೋರಿ ಶೆಡ್ಡು ಉಪ್ಪುನೀರಾಯಿತು. ಕೊನೆಗೆ 2000 ಪಿಎಸ್‌ಐ ನಿಂತಿತು, 6 ಬಂತು.

ಅಳೆಯುವ ಮುಂಚೆ ಕಲ್ಲನ್ನು ಒರೆಸುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದಿಂಚಿನ ಸಣ್ಣ ಪ್ಲಗ್‌ನಲ್ಲಿ (ಕೋರ್‌ನಿಂದ ಕತ್ತರಿಸಿದ ತುಂಡು) ಇರುವುದೇ ಮುಕ್ಕಾಲು ಸಿಸಿ ನೀರು. ಮೈಮೇಲೆ ಒಂದು ಹನಿ ಉಳಿದರೂ ಅರ್ಧ ಯೂನಿಟ್ ಹತ್ತಿರ ಏರುತ್ತದೆ. ಒಣ ಟಿಶ್ಯೂ ಹಿಡಿದರೆ ಒಳಗಿನ ನೀರನ್ನೂ ಎಳೆದುಬಿಡುತ್ತದೆ. ಅದೇ ಉಪ್ಪುನೀರಿನಲ್ಲಿ ನೆನೆಸಿ ಹಿಂಡಿದ ಟಿಶ್ಯೂ ಸಾಕು. ಆಮೇಲೆ ಪ್ಲಗ್‌ಗೆ ಏನು ಸುತ್ತುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹೈಡ್ರೋಜನ್ ಇಲ್ಲದ್ದು, ಅಷ್ಟೇ. ಕೊನೆಗೆ ಒಣ ಪ್ಲಗ್‌ನ ಸ್ಕ್ಯಾನನ್ನು ಲೆಕ್ಕದಿಂದ ಕಳೆಯಬೇಕು, ತುಂಬಿದ ನೀರಿನದ್ದಲ್ಲದ ಸಿಗ್ನಲ್ ಹೋಗಲಿ ಅಂತ.

ಸುಮ್ನೆ ಕುತೂಹಲಕ್ಕೆ ಹಳೇಬೀಡು ಕಡೆಯ ಶಿಲ್ಪಿಯೊಬ್ಬರಿಂದ ಬಳಪದ ಕಲ್ಲಿನ ಚೂರು ತಂದು ಹಾಕಿದೆ. ನಾಯ್ಸ್ ಬಿಟ್ಟರೆ ಏನೂ ಇಲ್ಲ. ಅದರ ಹರಳಿನೊಳಗೇ ಹೈಡ್ರೋಜನ್ ಇದೆ, ಆದರೆ ನಮ್ಮ ಮೊದಲ ಎಕೋಗೆ ಮುಂಚೆಯೇ ಅದರ ಕಥೆ ಮುಗಿದಿರುತ್ತದೆ. ಮರಳುಗಲ್ಲಿನಲ್ಲಿರುವ ಕ್ಲೇ (ಜೇಡಿ) ಹರಳಿನ ಹೈಡ್ರೋಜನ್ ಲೆಕ್ಕ ಕೆಡಿಸುತ್ತದೆ ಅಂತ ವಾದಿಸುತ್ತಿದ್ದವರಿಗೆ ಈ ಸ್ಕ್ಯಾನ್ ಕಳಿಸಿದೆ. ಉತ್ತರ ಬಂದಿಲ್ಲ.

ಸಿಗ್ನಲ್ ಎರಡರಷ್ಟು ಚೊಕ್ಕ ಆಗಬೇಕಾದರೆ ಸ್ಕ್ಯಾನ್ ನಾಲ್ಕರಷ್ಟು ಬೇಕು. ಅಂದರೆ ಇಡೀ ರಾತ್ರಿ. ಮಧ್ಯೆ ಕರೆಂಟ್ ಹೋದರೆ ಬೆಚ್ಚಗೆ ಇಟ್ಟಿರುವ ಮ್ಯಾಗ್ನೆಟ್ ತಣ್ಣಗಾಗಿ ಫ್ರೀಕ್ವೆನ್ಸಿ ಜಾರುತ್ತದೆ. ಯುಪಿಎಸ್‌ಗೇ 70 ಸಾವಿರ ಹೋಯಿತು.

ಈಗ ಇನ್ನೂ ಸಣ್ಣ ರಂಧ್ರಗಳ ಶೇಲ್ ಕಲ್ಲು ಅಳೆದುಕೊಡಿ ಅನ್ನುತ್ತಿದ್ದಾರೆ. ಅದಕ್ಕೆ ಎಕೋ ಸ್ಪೇಸಿಂಗ್ ಇನ್ನೂ ಇಳಿಯಬೇಕು, ನನ್ನ ಪ್ರೋಬ್‌ನ (ಪ್ಲಗ್ ಇಡುವ ಕಾಯಿಲ್) ರಿಂಗಿಂಗ್, ಅಂದರೆ ಪಲ್ಸ್ ನಿಂತ ಮೇಲೂ ಉಳಿಯುವ ಕಂಪನ, ಬಿಡುತ್ತಿಲ್ಲ. ಹೊಸ ಪ್ರೋಬ್‌ಗೆ ಯಾರು ಅಡ್ವಾನ್ಸ್ ಕೊಡುತ್ತಾರೋ ಅವರ ಶೇಲ್ ಮೊದಲು.